ಗಂಜ್ ಅಂಗಡಿಗೆ ಲ್ಯಾಪ್‌ಟಾಪ್: ರ‍್ಯಾಮ್ ನೋಡಬೇಕಾ, ಸ್ಕ್ರೀನ್ ನೋಡಬೇಕಾ?

ಸರ್, ರಾಯಚೂರು ಗಂಜ್‌ನಲ್ಲಿ ಅಡತಿ (ಕಮಿಷನ್ ಮೇಲೆ ರೈತರ ಮಾಲು ಮಾರಿಕೊಡುವ) ಅಂಗಡಿಯ ಲೆಕ್ಕಕ್ಕೆ, ಸಂಜೆ ಮಗಳ ಓದಿಗೆ ಒಂದೇ ಲ್ಯಾಪ್‌ಟಾಪ್ ಬೇಕು, 35,000 ದಾಟಬಾರದು ಅಂದಿದ್ದೀರಿ. ಒಂದರಲ್ಲಿ ಟಿಎನ್ ಸ್ಕ್ರೀನ್ (ನೇರ ನೋಡಿದರಷ್ಟೇ ಸರಿ ಕಾಣುವ ಬಗೆ), 16 ಜಿಬಿ ತಾತ್ಕಾಲಿಕ ಮೆಮೊರಿ ಅಂದ್ರೆ ರ‍್ಯಾಮ್. ಇನ್ನೊಂದರಲ್ಲಿ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಸ್ಕ್ರೀನ್), 8 ಜಿಬಿ. ನನ್ನ ಕೇಳಿದರೆ ಎರಡನೆಯದೇ ತಗೊಳ್ಳಿ.

ರ‍್ಯಾಮ್ ಆಮೇಲೆ ಹಾಕಿಸಬಹುದು. ಆದರೆ ಖಾಲಿ ಸ್ಲಾಟ್ ಇದೆಯಾ ಅಂತ ಮೊದಲೇ ಕೇಳಿ, ಕೆಲವದರಲ್ಲಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸ್ಕ್ರೀನ್ ಹಾಗಲ್ಲ, ಕೊಂಡದ್ದೇ ಗತಿ. ಟಿಎನ್‌ನಲ್ಲಿ ಮುಚ್ಚಳ ಸ್ವಲ್ಪ ಹಿಂದೆ ಬಾಗಿದರೂ ಬಣ್ಣ ಕೆಡುತ್ತದೆ. ಪಕ್ಕದಲ್ಲಿ ಕೂತ ರೈತರಿಗೆ ತೂಕ, ದರ, ಹಮಾಲಿ ತೋರಿಸಲು ಹೋದರೆ ಅವರಿಗೆ ಎಲ್ಲಾ ಮಸುಕು ಮಸುಕು.

ಹಾಗಂತ ಐಪಿಎಸ್ ಅಂದ್ರೆ ಎಲ್ಲಾ ಚೆನ್ನ ಅಂತಲ್ಲ. ಈ ರೇಟಿಗೆ ಸಿಗುವವು ಹೆಚ್ಚಾಗಿ 250 ನಿಟ್ಸ್ (ಹೊಳಪಿನ ಅಳತೆ) ಬೆಳಕು, 45 ಪರ್ಸೆಂಟ್ ಎನ್‌ಟಿಎಸ್‌ಸಿ ಬಣ್ಣದವು (ಅಂದ್ರೆ ತೋರಿಸುವ ಬಣ್ಣಗಳೇ ಕಡಿಮೆ). ಮೆಣಸಿನಕಾಯಿ ಫೋಟೊ ಮೊಬೈಲಿನಲ್ಲಿ ಕಂಡಷ್ಟು ಕೆಂಪಗೆ ಕಾಣಲ್ಲ. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿಗೆ ಅದೇನೂ ಅಡ್ಡಿಯಿಲ್ಲ. ಮಗಳು ಡಿಸೈನ್ ಕಲಿಯುವುದಾದರೆ ಮಾತು ಬೇರೆ.

ನಿಜವಾದ ತಲೆನೋವು ಬೆಳಕಿನದು. ನಮ್ಮ ಬಿಸಿಲಲ್ಲಿ, ಶಟರ್ ಪೂರ್ತಿ ಎತ್ತಿದ ಅಂಗಡಿಯಲ್ಲಿ 250 ಕಡಿಮೆಯೇ. ಸ್ಕ್ರೀನ್ ಬಾಗಿಲ ಕಡೆ ಮುಖ ಮಾಡದ ಹಾಗೆ ಟೇಬಲ್ ತಿರುಗಿಸಿಕೊಳ್ಳಿ. ಫಳಫಳ ಹೊಳೆಯುವ ಸ್ಕ್ರೀನ್ ಬೇಡ, ಮ್ಯಾಟ್ ಇರಲಿ. 1366×768 ಚುಕ್ಕೆಗಳ (ಪಿಕ್ಸೆಲ್) ಸ್ಕ್ರೀನ್ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ, ಎಕ್ಸೆಲ್ ತೆರೆದರೆ ಅರ್ಧ ಕಾಲಂ ಆಚೆಗಿರುತ್ತವೆ. 1920×1080 ಬೇಕೇ ಬೇಕು.

ದುಡ್ಡು ಕೊಡುವ ಮುಂಚೆ ಒಂದು ಖಾಲಿ ಎಕ್ಸೆಲ್ ಹಾಳೆ ತೆರೆಸಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಅಂಗಡಿ ಬಾಗಿಲ ಹತ್ತಿರ ತಂದು ನೋಡಿ. ಗೆರೆಗಳು ಕಾಣಲಿಲ್ಲ ಅಂದ್ರೆ ಅದನ್ನ ಅಲ್ಲೇ ಬಿಟ್ಟು ಬನ್ನಿ.