ಸಿಂಗಾಪುರದ ಮೂರು ಪಾರ್ಕ್ ಒಂದೇ ದಿನದಲ್ಲಿ? ಅಮ್ಮ ಜೊತೆಗಿದ್ದರೆ ಬೇಡವೇ ಬೇಡ

ನಿಮ್ಮ ಅಮ್ಮನಿಗೆ 66, ಮಗನಿಗೆ 5, ಕೈಯಲ್ಲಿರುವುದು ಒಂದೇ ದಿನ. ಸಿಂಗಾಪುರ ಝೂ, ನದಿಗಳ ಪ್ರಾಣಿಗಳನ್ನು ತೋರಿಸುವ ರಿವರ್ ವಂಡರ್ಸ್, ನೈಟ್ ಸಫಾರಿ ಮೂರನ್ನೂ ಯಾವ ಕ್ರಮದಲ್ಲಿ ಮುಗಿಸಲಿ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. 2023ರಲ್ಲಿ ನಾನು ಹಾಕಿದ್ದ ಪ್ಲಾನ್ ಇದೇ.

ನನ್ನ ಅಮ್ಮ, ನಾನು, ಹೆಂಡತಿ, ಆರು ವರ್ಷದ ಮಗಳು. ಬೆಳಿಗ್ಗೆ ಲಿಟಲ್ ಇಂಡಿಯಾದಲ್ಲಿ ಆರಾಮಾಗಿ ಇಡ್ಲಿ ತಿಂದು, ಕಾಫಿ ಕುಡಿದು, ಖಾತಿಬ್ ಸ್ಟೇಷನ್‌ವರೆಗೆ ಮೆಟ್ರೋದಲ್ಲಿ ಹೋಗಿ, ಅಲ್ಲಿಂದ ಮೂರೂ ಪಾರ್ಕ್ ಇರುವ ಮಂಡಾಯ್‌ಗೆ ಬಸ್ ಹಿಡಿದೆವು. ಝೂ ಗೇಟಿನ ಮುಂದೆ ನಿಂತಾಗ ಹನ್ನೆರಡು ಗಂಟೆ.

ನನ್ನ ತಪ್ಪು ಆ ಹನ್ನೆರಡು ಗಂಟೆಯೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಯಾರೂ ಹೇಳಿರಲಿಲ್ಲ. ಸಿಂಗಾಪುರ ಇರುವುದು ಭೂಮಧ್ಯರೇಖೆಗೆ ಅಂಟಿಕೊಂಡ ಹಾಗೆ, ಬರೀ ಒಂದು ಡಿಗ್ರಿ ಉತ್ತರಕ್ಕೆ. ನಮ್ಮ ಬೆಂಗಳೂರಿನ ಬಿಸಿಲಿನಲ್ಲಿ ಮರದ ಕೆಳಗೆ ಹೋಗಿ ನಿಂತರೆ ತಂಪಾಗುತ್ತದೆ ಅಲ್ವಾ, ಅಲ್ಲಿ ಆಗುವುದಿಲ್ಲ. ಗಾಳಿಯೇ ಒದ್ದೆ, ಬೆವರು ಆರುವುದೇ ಇಲ್ಲ. ಅರ್ಧ ಗಂಟೆಯಲ್ಲಿ ಅಮ್ಮನ ರವಿಕೆ ಪೂರ್ತಿ ನೆನೆದು ಸೀರೆ ಕಾಲಿಗೆ ಸುತ್ತಿಕೊಳ್ಳತೊಡಗಿತು. ನಮಗೆ ಹೇಗೋ ಪ್ರಾಣಿಗಳಿಗೂ ಹಾಗೆಯೇ. ಬಿಳಿ ಹುಲಿ ನೋಡಲು ಅಷ್ಟು ದೂರ ನಡೆದರೆ ಕಂಡಿದ್ದು ನೆರಳಲ್ಲಿ ಮಲಗಿದ್ದ ಅದರ ಬೆನ್ನು. ಮೂರು ಗಂಟೆಗೆ ಗುಡುಗು, ಮಳೆ. ಒಂದು ಗಂಟೆ ಸೂರಿನ ಕೆಳಗೆ ನಿಂತೆವು. ಆಮೇಲೆ ಓಡುತ್ತಾ ರಿವರ್ ವಂಡರ್ಸ್. ಪಾಂಡಾ ಕೂಡ ನಿದ್ದೆಯಲ್ಲಿತ್ತು. ನಾನು ಹಾಳೆಯ ಮೇಲೆ ಗಂಟೆ ಕೂಡಿಸಿದ್ದೆ, ಅಮ್ಮನ ಮಂಡಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆರರಿಂದ ಏಳೂಕಾಲರ ತನಕ 'ವಿಶ್ರಾಂತಿ' ಅಂತ ಬರೆದುಕೊಂಡಿದ್ದೆ. ಗದ್ದಲದ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಅದು ವಿಶ್ರಾಂತಿಯಾ? ಅಮ್ಮ ಒಂದು ಮಾತೂ ಆಡಲಿಲ್ಲ. ದುಡ್ಡು ಕೊಟ್ಟಾಗಿದೆ ಅಂತ ಸುಮ್ನಿದ್ದರು.

ಅಮ್ಮ ಆ ದಿನ ಮನಸಾರೆ ನಕ್ಕಿದ್ದು ಒಂದು ಕಡೆ ಮಾತ್ರ. ಝೂ ಒಳಗೆ ಫ್ರಜೈಲ್ ಫಾರೆಸ್ಟ್ ಅಂತ ಒಂದು ಜಾಗವಿದೆ, ಬಲೆ ಮುಚ್ಚಿದ ದೊಡ್ಡ ತೋಟದಂಥದ್ದು, ಪ್ರಾಣಿಗಳು ನಮ್ಮ ನಡುವೆಯೇ ಇರುತ್ತವೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒಂದು ದೊಡ್ಡ ಬಾವಲಿ ತಲೆಕೆಳಗಾಗಿ ನೇತಾಡುತ್ತಾ ಹಣ್ಣು ತಿನ್ನುತ್ತಿತ್ತು. ರಸ ಗಲ್ಲದಿಂದ ಮೂಗಿಗೆ ಇಳಿದರೆ ನಾಲಿಗೆ ಚಾಚಿ ನೆಕ್ಕಿಕೊಳ್ಳುವುದು, ಮತ್ತೆ ಕಚ್ಚುವುದು. ಅಮ್ಮ ಅಲ್ಲೇ ನಿಂತುಬಿಟ್ಟರು. "ಎಷ್ಟು ಅಚ್ಚುಕಟ್ಟಾಗಿ ತಿನ್ನತ್ತೆ ನೋಡೋ" ಅಂದರು. ನಾನು ಗಡಿಯಾರ ನೋಡಿ "ಬಾಮ್ಮಾ, ಹೊತ್ತಾಯ್ತು" ಅಂತ ಕರೆದುಕೊಂಡು ಹೊರಟೆ. ಇದು ಈಗಲೂ ಚುಚ್ಚುತ್ತದೆ.

ರಾತ್ರಿ ಸಫಾರಿಯ ಟ್ರ್ಯಾಮ್ ಹತ್ತಿದ ಐದು ನಿಮಿಷಕ್ಕೆ ಅಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಟೇಪಿರ್ ಅನ್ನುವ, ಹಂದಿಯಂಥ ಮೈಯ ಉದ್ದ ಮೂತಿಯ ಪ್ರಾಣಿಯೊಂದು ದಾರಿಯ ಅಂಚಿಗೇ ಬಂದು ನಿಂತಿತು, ಕಪ್ಪು ಮೈ, ನಡುವಿಗೆ ಬಿಳಿ ಪಂಚೆ ಸುತ್ತಿಕೊಂಡ ಹಾಗೆ. ಮಗಳು ಅಜ್ಜೀ ಅಜ್ಜೀ ಅಂತ ಅಲುಗಾಡಿಸಿದಳು. ಬೇಡ, ಮಲಗಲಿ ಅಂದೆ.

ಆದ್ದರಿಂದ ಕ್ರಮ ಕೇಳಲೇಬೇಡಿ, ಮೂರು ಬೇಡ. ನಿಮ್ಮ ಅಮ್ಮನಿಗೆ ನೈಟ್ ಸಫಾರಿ ಒಂದೇ ಸಾಕು. ರಾತ್ರಿ ಸಂಚರಿಸುವ ಪ್ರಾಣಿಗಳಿಗಾಗಿಯೇ 1994ರಲ್ಲಿ ತೆರೆದ, ಜಗತ್ತಿನಲ್ಲೇ ಮೊದಲನೆಯ ಪಾರ್ಕ್ ಅದು. ಮಳೆಕಾಡಿನ ಬಹಳಷ್ಟು ಪ್ರಾಣಿಗಳು ಎದ್ದು ಓಡಾಡುವುದೇ ಕತ್ತಲಾದ ಮೇಲೆ. ಬೆಳದಿಂಗಳಿನಂಥ ಮಂದ ಬೆಳಕು ಹಾಕಿರುತ್ತಾರೆ, ಟ್ರ್ಯಾಮ್‌ನಲ್ಲಿ ಕೂತೇ ನೋಡಬಹುದು. ಫ್ಲ್ಯಾಶ್ ಹಾಕುವಂತಿಲ್ಲ, ಮೊಬೈಲಿನಲ್ಲಿ ಮೊದಲೇ ಆಫ್ ಮಾಡಿಡಿ.

ಝೂ ಕೆಟ್ಟದ್ದು ಅಂತ ಹೇಳುತ್ತಿಲ್ಲ. 1973ರಲ್ಲಿ ಶುರುವಾದದ್ದು, ಹೆಚ್ಚಿನ ಕಡೆ ಕಂಬಿಯ ಬದಲು ಕಂದಕ, ನೀರು, ಗಿಡಗಳ ಬೇಲಿ. ಒರಾಂಗುಟಾನ್ ತಲೆ ಮೇಲಿನ ಹಗ್ಗದಲ್ಲಿ ಹಾದುಹೋಗುತ್ತದೆ. ಮಗನಿಗೆ ತೋರಿಸಲೇಬೇಕು ಅಂದರೆ ನೀವೊಬ್ಬರೇ ಅವನನ್ನು ಕರೆದುಕೊಂಡು ಬೆಳಿಗ್ಗೆ ಎಂಟೂವರೆಗೆ, ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ, ಹನ್ನೊಂದೂವರೆಗೆ ಹೊರಬಿದ್ದುಬಿಡಿ. ಅಮ್ಮ ರೂಮಲ್ಲೇ ಇರಲಿ. ಅವರಿಗೆ ಝೂ ತೋರಿಸಲು ನಮ್ಮ ಮೈಸೂರಿದೆ. 1892ರಿಂದ ಇದೆ, 2021ರಲ್ಲಿ ಸಿಂಗಾಪುರದಿಂದ, ಮಲೇಷ್ಯಾದಿಂದ ಒರಾಂಗುಟಾನ್‌ಗಳೂ ಬಂದಿವೆ. ಡಿಸೆಂಬರಿನ ಒಂದು ಬೆಳಿಗ್ಗೆ ನಿಧಾನವಾಗಿ ನಡೆಸಿಕೊಂಡು ಹೋಗಬಹುದು.

ಹಲವು ಪಾರ್ಕ್ ಸೇರಿಸಿ ಕೊಡುವ ಕಾಂಬೊ ಟಿಕೆಟ್ ಅಗ್ಗ ಅನ್ನುವ ಒಂದೇ ಕಾರಣಕ್ಕೆ ತಗೋಬೇಡಿ, ನಾನು ಬಿದ್ದದ್ದು ಅಲ್ಲೇ. ನೈಟ್ ಸಫಾರಿಗೆ ಸಮಯ ಬುಕ್ ಮಾಡಬೇಕು. ಎಲ್ಲಕ್ಕಿಂತ ಮೊದಲಿನ ಏಳೂಕಾಲರ ಸ್ಲಾಟ್ ಹಿಡಿಯಿರಿ, ಆ ದಿನ ಸಿಗದಿದ್ದರೆ ದಿನವನ್ನೇ ಬದಲಿಸಿ. ಅವತ್ತು ಮಧ್ಯಾಹ್ನ ಅಮ್ಮನಿಗೆ ಎರಡು ಗಂಟೆ ನಿದ್ದೆ ಆಗಿರಲಿ.