ಪಟ್ಟಿಯಲ್ಲಿ ನಮ್ಮದು 34, ಮನೆ ಬಂದದ್ದು 51ಕ್ಕೆ!

ಪ್ರಶ್ನೆ: ಪ್ರಧಾನಮಂತ್ರಿ ಆವಾಸ್ ಯೋಜನೆಯ (ಗ್ರಾಮೀಣ) ಪಟ್ಟಿಯಲ್ಲಿ ನಮ್ಮದು 34ನೇ ಹೆಸರು. ಅದೇ ಪಂಚಾಯ್ತಿಯ 51ನೇ ಹೆಸರಿನವರಿಗೆ ಮಂಜೂರಾಗಿ ಪಾಯ ಎದ್ದಿದೆ. ಕೇಳಿದರೆ ‘ಟಾರ್ಗೆಟ್ ಬಂದಿಲ್ಲ’ ಅಂತಾರೆ. ಅರ್ಜಿ ಮೊದಲು ಕೊಟ್ಟವರು ನಾವು. ಇದು ಅನ್ಯಾಯವಲ್ಲವೇ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಅನ್ಯಾಯ ಆಗಿದೆಯೋ ಇಲ್ಲವೋ ಹೇಳಲು ಮೊದಲು ಒಂದು ವಿಷಯ ಗೊತ್ತಾಗಬೇಕು: 34 ಮತ್ತು 51 ಒಂದೇ ಪಟ್ಟಿಯಲ್ಲಿವೆಯೇ? ಈ ಯೋಜನೆಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತರು, ಇತರೆ ಎಂದು ಬೇರೆ ಬೇರೆ ಸಾಲುಗಳಿವೆ. ರಾಜ್ಯಕ್ಕೆ ಬರುವ ಗುರಿಯಲ್ಲಿ (ಟಾರ್ಗೆಟ್, ಅಂದರೆ ಮಂಜೂರು ಮಾಡಬೇಕಾದ ಮನೆಗಳ ಸಂಖ್ಯೆ) ಶೇ 60ರಷ್ಟು ಪರಿಶಿಷ್ಟರಿಗೆ ಮೀಸಲು. ಹೀಗಾಗಿ ನಿಮ್ಮ ಪಂಚಾಯ್ತಿಗೆ ಈ ಸಲ 20 ಮನೆ ಬಂದು, ‘ಇತರೆ’ ಸಾಲಿಗೆ ಸಿಕ್ಕಿದ್ದು ಬರೀ 5 ಎಂದಾದರೆ, ಆ ಸಾಲಿನ ಆರನೆಯವರೂ ಕಾಯಲೇಬೇಕು. ಪಕ್ಕದ ಸಾಲು ಅಷ್ಟರಲ್ಲಿ ಹನ್ನೆರಡು ಹೆಜ್ಜೆ ಮುಂದೆ ಹೋಗಿರುತ್ತದೆ.

ಅರ್ಜಿ ಕೊಟ್ಟ ದಿನಾಂಕಕ್ಕೆ ಇಲ್ಲಿ ಬೆಲೆಯೇ ಇಲ್ಲ. ಸೂರಿಲ್ಲದವರು, ಭಿಕ್ಷೆಯ ಮೇಲೆ ಬದುಕುವ ನಿರ್ಗತಿಕರು, ಮಲ ಹೊರುವ ಪದ್ಧತಿಗೆ ಸಿಕ್ಕಿದ್ದವರು, ಜೀತದಿಂದ ಬಿಡುಗಡೆಯಾದವರು ಇಂಥವರು ತಾವಾಗಿಯೇ ಮೇಲೆ ಬರುತ್ತಾರೆ. ಆಮೇಲೆ ಕೋಣೆಯ ಲೆಕ್ಕ: ಕೋಣೆಯೇ ಇಲ್ಲದ, ಒಂದು ಕೋಣೆಯ, ಎರಡು ಕೋಣೆಯ ಕಚ್ಚಾ ಮನೆ, ಈ ಕ್ರಮದಲ್ಲಿ. ಇಬ್ಬರು ಸಮನಾದರೆ ಮನೆಯಲ್ಲಿ 16ರಿಂದ 59 ವಯಸ್ಸಿನವರು ಯಾರೂ ಇಲ್ಲವೇ, ಮನೆ ನಡೆಸುವವರು ಮಹಿಳೆಯೇ, ಅಂಗವಿಕಲರು ಇದ್ದಾರೆಯೇ, ಜಮೀನಿಲ್ಲದ ಕೂಲಿಯವರೇ ಎಂಬ ಅಂಕಗಳು ತೀರ್ಮಾನಿಸುತ್ತವೆ.

‘ಕಚ್ಚಾ’ ಎಂಬಲ್ಲೇ ಬಹಳ ಜನ ಎಡವುತ್ತಾರೆ. ಮಣ್ಣಿನ ಗೋಡೆ ಕಚ್ಚಾ, ಸರಿ. ಆದರೆ ಚಾವಣಿಯೂ ಕಚ್ಚಾ ಇರಬೇಕು. ಹುಲ್ಲು, ಗರಿ, ಪ್ಲಾಸ್ಟಿಕ್ ತಾಡಪಾಲು, ಕೈಯಲ್ಲಿ ಮಾಡಿದ ನಾಡಹಂಚು ಕಚ್ಚಾ. ಯಂತ್ರದ ಹಂಚು, ತಗಡಿನ ಶೀಟು, ಸಿಮೆಂಟ್ ಶೀಟು ಪಕ್ಕಾ. ಮಳೆಗಾಲಕ್ಕೆ ಹೆದರಿ ಸಾಲ ಮಾಡಿ ತಗಡು ಹಾಕಿಸಿದ ಬಡವನೇ ಸರ್ವೆಯಲ್ಲಿ ಪಕ್ಕಾ ಮನೆಯವನಾಗುತ್ತಾನೆ. ನಿಯಮದ ಈ ಕುರುಡುತನವನ್ನು ಸಮರ್ಥಿಸುವುದು ಕಷ್ಟ.

ಇಬ್ಬರದೂ ಒಂದೇ ಸಾಲಾದರೆ, ಮೇಲಿನವರನ್ನು ದಾಟಿದ್ದಕ್ಕೆ ಕಾರಣ ಕೇಳಿ. ಸಾಮಾನ್ಯ ಕಾರಣ ನಿವೇಶನ. ಹೆಸರಿದ್ದರೂ ಜಾಗದ ಖಾತೆ ಸ್ವಂತ ಹೆಸರಲ್ಲಿ ಇಲ್ಲದಿದ್ದರೆ, ಇ-ಸ್ವತ್ತಿನ (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಅಥವಾ ಹಕ್ಕುಪತ್ರ ಇಲ್ಲದಿದ್ದರೆ ಕಡತ ನಿಂತುಹೋಗುತ್ತದೆ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಕೊಟ್ಟು ಮೂರು ಪ್ರತಿ ಕೇಳಿ: ವರ್ಗವಾರು ಗುರಿ, ನಿಮ್ಮ ವರ್ಗದ ಆದ್ಯತಾ ಪಟ್ಟಿ, ಅದನ್ನು ಒಪ್ಪಿದ ಗ್ರಾಮಸಭೆಯ ನಡಾವಳಿ. ಶುಲ್ಕ 10 ರೂ., ಬಿಪಿಎಲ್‌ನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಕಾರಣವಿಲ್ಲದೆ ದಾಟಿದ್ದು ಕಂಡರೆ ಆ ಪ್ರತಿಗಳೊಂದಿಗೆ ಜಿಲ್ಲಾ ಮಟ್ಟದ ಮೇಲ್ಮನವಿ ಸಮಿತಿಗೆ ಹೋಗಿ. ಬಾಯಿಮಾತಿನ ದೂರು ಅಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಮಾತು: ಬಸವ ವಸತಿ, ಅಂಬೇಡ್ಕರ್ ನಿವಾಸ್ ರಾಜ್ಯ ಸರ್ಕಾರದ ಯೋಜನೆಗಳು. ಅವುಗಳ ಆಯ್ಕೆ ಬೇರೆ, ಪಟ್ಟಿ ಬೇರೆ. 51ನೆಯವರ ಮನೆ ಅದರಲ್ಲಿ ಬಂದಿದ್ದರೆ ಈ ಹೋಲಿಕೆಯೇ ತಪ್ಪು.

ಪ್ರಶ್ನೆ: ಮಗನ ಬೈಕ್ ಇದೆ, ಫ್ರಿಜ್ ಇದೆ. ಹೆಸರು ತೆಗೆದುಬಿಡುತ್ತಾರಾ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ತೆಗೆಯುತ್ತಿದ್ದರು. 2024ರಲ್ಲಿ ಸಡಿಲಿಸಿದ ನಿಯಮದಂತೆ ಬೈಕ್, ಫ್ರಿಜ್, ಸ್ಥಿರ ದೂರವಾಣಿ ಇದ್ದರೂ ಅನರ್ಹರಲ್ಲ. ತಿಂಗಳ ಆದಾಯದ ಮಿತಿಯೂ 10 ಸಾವಿರದಿಂದ 15 ಸಾವಿರಕ್ಕೆ ಏರಿದೆ. ಮೂರು ಅಥವಾ ನಾಲ್ಕು ಚಕ್ರದ ವಾಹನ, ಸರ್ಕಾರಿ ನೌಕರಿ, ಆದಾಯ ತೆರಿಗೆ, 50 ಸಾವಿರ ಮತ್ತು ಅದಕ್ಕೂ ಹೆಚ್ಚು ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದರೆ ಈಗಲೂ ಹೆಸರು ಪಟ್ಟಿಯಿಂದ ಹೋಗುತ್ತದೆ.

ಪ್ರಶ್ನೆ: ಸರದಿ ಹತ್ತಿರ ಬಂದಿದೆ. ಹಳೇ ಮನೆ ಕೆಡವಿ ಪಾಯ ತೋಡಿಸಲೇ?
– ಓದುಗರು, ಚಾಮರಾಜನಗರ ಜಿಲ್ಲೆ

ಉತ್ತರ: ಮುಟ್ಟಬೇಡಿ. ಮಂಜೂರಾತಿಗೆ ಮುಂಚೆ ಹಳೇ ಮನೆ ಮತ್ತು ಕಟ್ಟುವ ಜಾಗ ಎರಡರದ್ದೂ ಜಿಪಿಎಸ್ ಫೋಟೊ ತೆಗೆಯಬೇಕು. ಕೆಡವಿದ ಮೇಲೆ ನೀವು ಕಚ್ಚಾ ಮನೆಯಲ್ಲಿದ್ದಿರಿ ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಆದೇಶ ಕೈಗೆ ಬಂದ ಮೇಲೆ ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್ ಕಟ್ಟಿ. ಬಯಲು ಪ್ರದೇಶಕ್ಕೆ ಈ ಯೋಜನೆಯಲ್ಲಿ ಒಂದು ಮನೆಗೆ ಸಿಗುವ ನೆರವು 1,20,000 ರೂ. ಅದು ಹಂತ ಹಂತದ ಫೋಟೊ ನೋಡಿ ಕಂತಿನಲ್ಲಿ ಬರುತ್ತದೆ. ಉದ್ಯೋಗ ಖಾತ್ರಿಯ ಕೂಲಿ ಇದಕ್ಕೆ ಸೇರಿಲ್ಲ, ಅದು ಬೇರೆ. ಎರಡು ಮೂರು ಬ್ಯಾಂಕ್ ಖಾತೆ ಇದ್ದವರು ಆಧಾರ್ ಕೊನೆಯದಾಗಿ ಯಾವುದಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಕಂತು ಹೋಗಿ ಬೀಳುವುದು ಆ ಖಾತೆಗೇ.