ದೇಶದ ಡಿಜಿಟಲ್ ಆರೋಗ್ಯ ನೀತಿಯಲ್ಲಿ ಮೊದಲ ಆದ್ಯತೆ ಯಾವುದಕ್ಕೆ: ಎಲ್ಲರಿಗೂ ಹೆಲ್ತ್ ಐಡಿಯೋ, ಎಐಯೋ?

ಎರಡಕ್ಕೂ ಅಲ್ಲ. ನಾನೂ ಹಿಂದೊಮ್ಮೆ ಇಂಥದೇ ಆದ್ಯತಾ ಪಟ್ಟಿ ಬರೆಯಲು ಕೂತು ಮೊದಲ ಸಾಲಿನಲ್ಲೇ ಎಡವಿದೆ. 'ಇಷ್ಟು ತಿಂಗಳಲ್ಲಿ ಇಷ್ಟು ಜನರಿಗೆ ಆಭಾ' (ಅಂದರೆ ಅದೇ ಹೆಲ್ತ್ ಐಡಿ) ಅಂತ ಬರೆದಿದ್ದೆ.

ಗುರಿ ತಲೆಲೆಕ್ಕವಾದ ಮೇಲೆ ಶಿಬಿರ ಹಾಕುತ್ತಾರೆ. ಅಜ್ಜಿಯ ಆಧಾರ್‌ಗೆ ಜೋಡಿಸಿದ ಸಿಮ್ ಬೆಂಗಳೂರಿನಲ್ಲಿರುವ ಮಗನ ಹತ್ತಿರ. ಅವನಿಗೆ ಫೋನ್ ಮಾಡಿ ಒಟಿಪಿ ಕೇಳುತ್ತಾರೆ. ಸಂಪರ್ಕಕ್ಕೆ ಆಶಾ ಕಾರ್ಯಕರ್ತೆಯ ನಂಬರ್. 14 ಅಂಕಿಯ ಸಂಖ್ಯೆ ಹುಟ್ಟಿತು, ಡ್ಯಾಶ್‌ಬೋರ್ಡ್ ಏರಿತು. ಮುಂದಿನ ವಾರ ಅದೇ ಅಜ್ಜಿ ಬಿಪಿ ಮಾತ್ರೆಗೆ ಬಂದರೆ ಆ ಸಂಖ್ಯೆ ಯಾರಿಗೂ ನೆನಪಿಲ್ಲ. ಸಾಲು ಬಾಗಿಲಾಚೆ ಬೆಳೆದಿದೆ. ಆಪರೇಟರ್ 'ಲಕ್ಷ್ಮಮ್ಮ, 60' ಎಂದು ಹೊಡೆದು ಹೊಸ ಒಪಿಡಿ ಚೀಟಿ ಕೊಡುತ್ತಾನೆ. ಹೋದ ಸಲ ಆಕೆ 'ಲಕ್ಷ್ಮೀದೇವಮ್ಮ, 58'. ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಹೆಂಗಸರು, ಆಭಾಗೆ ಜೋಡಣೆಯಾದ ದಾಖಲೆ ಸೊನ್ನೆ. ಕಾಳಿಲ್ಲದ ಕಣಜಕ್ಕೆ ಬೀಗ ಹಾಕಿ ಊರಿಗೆಲ್ಲ ಕೀಲಿಕೈ ಹಂಚಿದ್ದೆವು.

ತಿದ್ದುವಾಗಲೂ ಅದೇ ತಪ್ಪು. 'ಜೋಡಿಸಿದ ದಾಖಲೆಗಳ ಸಂಖ್ಯೆ' ಎಣಿಸೋಣ ಅಂದೆ. ಲ್ಯಾಬ್ ವರದಿಯ ಪ್ರಿಂಟ್ ತೆಗೆದು, ಅದನ್ನೇ ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸಿದರು. ನಿಯಮದ ಪ್ರಕಾರ ಅದೂ ದಾಖಲೆಯೇ. ಆದರೆ ಆ ಚಿತ್ರದೊಳಗಿನ ಸಕ್ಕರೆ ಅಂಕಿಯನ್ನು ಮುಂದಿನ ಆಸ್ಪತ್ರೆಯ ಸಾಫ್ಟ್‌ವೇರ್ ಗ್ರಾಫ್ ಮಾಡಲಾರದು. ಅಂಕಿ ಅಂಕಿಯಾಗಿಯೇ ಹೋಗಬೇಕು, ಪರೀಕ್ಷೆಗೆ ಲಾಯಿಂಕ್ ಕೋಡ್ (ಲ್ಯಾಬ್ ಪರೀಕ್ಷೆಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಕೇತ) ಇರಬೇಕು, ಜೊತೆಗೆ ಯೂನಿಟ್. ಒಂದು ಕಡೆ 110 ಮಿ.ಗ್ರಾಂ/ಡೆ.ಲೀ., ಇನ್ನೊಂದು ಕಡೆ 6.1 ಮಿ.ಮೋಲ್/ಲೀ.; ಎರಡೂ ಒಂದೇ ಸಕ್ಕರೆ. ಯೂನಿಟ್ ಬಿಟ್ಟರೆ ರೋಗಿಗೆ ಏಕಾಏಕಿ ಸಕ್ಕರೆ ಕುಸಿದಂತೆ ಕಾಣುತ್ತದೆ.

ಅಮೆರಿಕವೂ ಇದನ್ನೇ ಕಲಿತದ್ದು. ಆಸ್ಪತ್ರೆ ದಾಖಲೆಗಳನ್ನು ಕಂಪ್ಯೂಟರಿಗೆ ತರಲು ಮಾಡಿದ 2009ರ ಹೈಟೆಕ್ ಕಾಯ್ದೆಯ ಹಣದಿಂದ ಬಹುತೇಕ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬಂತು, ಆದರೆ ಒಂದರ ದಾಖಲೆ ಇನ್ನೊಂದಕ್ಕೆ ಸಲೀಸಾಗಿ ಹೋಗಲಿಲ್ಲ. ಮಾಹಿತಿ ತಡೆಹಿಡಿಯಬಾರದೆಂದು 2016ರಲ್ಲಿ ಮತ್ತೊಂದು ಕಾಯ್ದೆ ತರಬೇಕಾಯಿತು. ಇಂಗ್ಲೆಂಡಿನದು ಇನ್ನೂ ದುಬಾರಿ ಪಾಠ, 2002ರಲ್ಲಿ ಮೇಲಿನಿಂದ ಹೇರಿದ ಆರೋಗ್ಯ ಐಟಿ ಯೋಜನೆಯನ್ನು 2011ರಲ್ಲಿ ಕಳಚಿದರು.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಎರಡೇ ದಾಖಲೆ ಇರಲಿ, ಲ್ಯಾಬ್ ವರದಿ ಮತ್ತು ಡಿಸ್ಚಾರ್ಜ್ ಸಮ್ಮರಿ. ಮೊದಲು ಆಸ್ಪತ್ರೆ ಮತ್ತು ವೈದ್ಯರ ನೋಂದಣಿ, ಆಮೇಲೆ ಸಾಫ್ಟ್‌ವೇರಿಗೆ ಎಬಿಡಿಎಂನ (ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್) ಮೂರು ಮೈಲಿಗಲ್ಲು: ಎಂ1 (ಆಭಾ ಪರಿಶೀಲನೆ), ಎಂ2 (ದಾಖಲೆ ಜೋಡಣೆ), ಎಂ3 (ಒಪ್ಪಿಗೆ ಪಡೆದು ಬೇರೆಡೆಯ ದಾಖಲೆ ತರಿಸುವುದು). ಎಲ್ಲರೂ ಎಂ1ಕ್ಕೇ ಹಬ್ಬ ಮಾಡಿ ನಿಲ್ಲುತ್ತಾರೆ. ನೀವು ಎಂ3 ಅಳೆಯಿರಿ: ಎರಡನೇ ಆಸ್ಪತ್ರೆಯ ವೈದ್ಯರು ಮೊದಲನೆಯದರ ದಾಖಲೆಯನ್ನು ಎಷ್ಟು ಸಲ ತೆರೆದರು? ಸ್ಮಾರ್ಟ್‌ಫೋನ್ ಇಲ್ಲದವರಿಗೆ ಕ್ಯೂಆರ್ ಇರುವ ಕಾರ್ಡ್ ಮುದ್ರಿಸಿಕೊಡಿ, ಕೌಂಟರಿಗೊಂದು ಸ್ಕ್ಯಾನರ್ ಇಡಿ. ಕರೆಂಟ್ ಹೋದರೆ ಇದೆಲ್ಲ ನಿಲ್ಲುತ್ತದೆ, ಯುಪಿಎಸ್ ಬ್ಯಾಟರಿ ಬದಲಿಸುವ ಹಣವನ್ನೂ ಬಜೆಟ್‌ನಲ್ಲಿ ಬರೆಯಿರಿ. (ಇದನ್ನು ಯಾರೂ ಬರೆಯುವುದಿಲ್ಲ.)

ಎಐ ಕೊನೆಗೆ. ಪಿಡಿಎಫ್ ರಾಶಿ ಕೊಟ್ಟು ಅದರಿಂದ ಏನು ಕಲಿಸುತ್ತೀರಿ?

ಟೆಂಡರಿನಲ್ಲಿ ಒಂದು ಷರತ್ತು ಮಾತ್ರ ಬಿಡಬೇಡಿ: ಇಡೀ ಡೇಟಾವನ್ನು ಎಫ್‌ಎಚ್‌ಐಆರ್ (ಆರೋಗ್ಯ ದಾಖಲೆ ವಿನಿಮಯದ ಅಂತರರಾಷ್ಟ್ರೀಯ ಮಾನದಂಡ) ರೂಪದಲ್ಲಿ ಹೊರತೆಗೆದು ತೋರಿಸುವವರೆಗೆ ಕಂಪನಿಗೆ ಕೊನೆಯ ಕಂತಿನ ಬಿಲ್ ಪಾಸಾಗಕೂಡದು.